ತಾನಾಗಿ ಕಟ್ಟಿಕೊಳ್ಳುವ ಅಚ್ಚು: ಪಾಲಿಮರ್‌ಗಳ ಸ್ವಯಂಜೋಡಣೆ ಮತ್ತು ಕಾಂತೀಯ ದತ್ತಾಂಶ ಸಂಗ್ರಹ

1. ಪೀಠಿಕೆ

ಬರವಣಿಗೆಯ ಚರಿತ್ರೆಯು ಒಂದು ನೆಲೆಯಲ್ಲಿ ಬರೆಯುವ ಮೇಲ್ಮೈಗಳ ಚರಿತ್ರೆಯೂ ಹೌದು. ಕಲ್ಲು, ತಾಮ್ರಪಟ, ತಾಳೆಗರಿ, ಕಡತ, ಕಾಗದ ಇವುಗಳಲ್ಲಿ ಒಂದೊಂದೂ ಎರಡು ಪ್ರಶ್ನೆಗಳಿಗೆ ತನ್ನದೇ ಆದ ಉತ್ತರವನ್ನು ನೀಡಿದೆ. ತನ್ನ ಮೇಲೆ ಎಷ್ಟು ಕಿರಿದಾಗಿ ಬರೆಯಬಹುದು ಎಂಬುದು ಮೊದಲನೆಯದು. ಬರೆದುದು ಎಷ್ಟು ಕಾಲ ಉಳಿಯುತ್ತದೆ ಎಂಬುದು ಎರಡನೆಯದು. ಶಿಲಾಶಾಸನದಲ್ಲಿ ಬಾಳಿಕೆ ಹೆಚ್ಚು, ಹಿಡಿತ ಕಡಿಮೆ. ಕಾಗದದಲ್ಲಿ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಜಗತ್ತಿನ ಬರವಣಿಗೆಯ ಬಹುಪಾಲನ್ನು ಹೊತ್ತುಕೊಂಡಿರುವ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಇದೇ ಎರಡು ಪ್ರಶ್ನೆಗಳು ಎದುರಾಗಿವೆ. ಆದರೆ ಅಲ್ಲಿ ಅವು ಕುಶಲತೆಯ ಪ್ರಶ್ನೆಗಳಾಗಿ ಉಳಿಯದೆ ಭೌತಶಾಸ್ತ್ರದ ಮೂಲನಿಯಮಗಳ ಪ್ರಶ್ನೆಗಳಾಗಿವೆ.

ಈ ಮೇಲ್ಮೈಯ ಅಳತೆಯನ್ನು ಕನ್ನಡದ ಮೂಲಕವೇ ಗ್ರಹಿಸಬಹುದು. ಯೂನಿಕೋಡ್ ವ್ಯವಸ್ಥೆಯ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್‌ಗಳು, ಅಂದರೆ 24 ಬಿಟ್‌ಗಳು ಬೇಕು. ‘ಸ್ತ್ರೀ’ ಎಂಬ ಅಕ್ಷರದಲ್ಲಿ ಸಕಾರ, ತಕಾರ, ರಕಾರಗಳ ಮೂರು ಸಂಕೇತಗಳೂ ಎರಡು ವಿರಾಮ ಚಿಹ್ನೆಗಳೂ ಒಂದು ಸ್ವರಚಿಹ್ನೆಯೂ ಸೇರಿ ಆರು ಸಂಕೇತಗಳಿರುವುದರಿಂದ ಅದಕ್ಕೆ 144 ಬಿಟ್‌ಗಳು ತಗಲುತ್ತವೆ. ಒಂದು ಚದರ ಅಂಗುಲದಲ್ಲಿ ಒಂದು ಟೆರಾಬಿಟ್, ಅಂದರೆ ಒಂದು ಲಕ್ಷ ಕೋಟಿ ಬಿಟ್‌ಗಳನ್ನು ಬರೆಯುವುದಾದರೆ ಈ ಅಕ್ಷರಕ್ಕೆ ದೊರೆಯುವ ಜಾಗವು ಸುಮಾರು 300 ನ್ಯಾನೊಮೀಟರ್ ಬದಿಯ ಒಂದು ಚೌಕ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಪುಟಕ್ಕೆ 2000 ಸಂಕೇತಗಳಂತೆ 300 ಪುಟಗಳ ಪುಸ್ತಕವೊಂದನ್ನು ಲೆಕ್ಕ ಹಾಕಿದರೆ, ದೋಷಪರಿಹಾರಕ್ಕೆ ಬೇಕಾಗುವ ಹೆಚ್ಚುವರಿ ಬಿಟ್‌ಗಳನ್ನು ಬಿಟ್ಟು, ಒಂದು ಚದರ ಅಂಗುಲದಲ್ಲಿ 69 ಸಾವಿರದಷ್ಟು ಪುಸ್ತಕಗಳು ಅಡಗುತ್ತವೆ.

ಇಷ್ಟು ಕಿರಿದಾದ ಬರವಣಿಗೆಗೆ ಗೆರೆ ಹಾಕಿಕೊಡುವವರು ಯಾರು? ಯಾವ ಲೇಖನಿಯೂ ಸುಲಭವಾಗಿ ತಲುಪಲಾರದ ಅಳತೆಯಲ್ಲಿ ವಸ್ತುವೇ ತನ್ನ ಗೆರೆಗಳನ್ನು ಹಾಕಿಕೊಳ್ಳಬಲ್ಲದೆ? ಪಾಲಿಮರ್‌ಗಳ ಸ್ವಯಂಜೋಡಣೆಯನ್ನು ಕಾಂತೀಯ ದತ್ತಾಂಶ ಸಂಗ್ರಹಕ್ಕೆ ಅಚ್ಚಾಗಿ ಬಳಸುವ ಸಂಶೋಧನೆಯ ಹಿಂದಿದ್ದುದು ಈ ಪ್ರಶ್ನೆ. ಈ ಸಂಶೋಧನೆ ಹುಟ್ಟಿದ ಕಾರಣ, ಅದರ ಕ್ರಮ, ಅದು ಮುಟ್ಟಿದ ನೆಲೆ ಮತ್ತು ಎದುರಿಸಿದ ತೊಡಕುಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಕಾಂತೀಯ ಬರವಣಿಗೆ ಮತ್ತು ಅದರ ಮಿತಿ

ಕಾಂತತೆಯ ಮೂಲಕ ದಾಖಲಿಸುವ ವಿಧಾನವನ್ನು ಮೊದಲು ಸಾಧಿಸಿದವನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್‌ಸನ್. 1898ರಲ್ಲಿ ಆತ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತೀಯವಾಗಿ ದಾಖಲಿಸುವ ಯಂತ್ರವನ್ನು ರೂಪಿಸಿದ. ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಕೂಡಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಅದರ ಸಾಂದ್ರತೆ ಚದರ ಅಂಗುಲಕ್ಕೆ ಸುಮಾರು 2000 ಬಿಟ್‌ಗಳು. ಒಂದು ಟೆರಾಬಿಟ್ ಎಂಬುದು ಇದರ 50 ಕೋಟಿ ಪಟ್ಟು.

ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳುಪದರವೊಂದಿರುತ್ತದೆ. ಈ ಪದರ ಅಖಂಡವಾದುದಲ್ಲ. ಕೆಲವೇ ನ್ಯಾನೊಮೀಟರ್ ಅಗಲದ ಹರಳುಕಣಗಳು ಒತ್ತೊತ್ತಾಗಿ ಕೂಡಿ ಆದದ್ದು. ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಅದರ ಕಾಂತತೆ ಒಂದು ಅಕ್ಷದ ಗುಂಟ ಈ ಕಡೆಗಾಗಲಿ ಆ ಕಡೆಗಾಗಲಿ ನಿಲ್ಲಬಲ್ಲದು. ಈ ಎರಡು ದಿಕ್ಕುಗಳೇ ಒಂದು ಮತ್ತು ಸೊನ್ನೆಗಳ ಬರವಣಿಗೆಗೆ ಆಧಾರ. ಕಣಗಳ ಆಕಾರ ಒಂದೇ ಸಮನಾಗಿರುವುದಿಲ್ಲ, ಅವುಗಳ ಅಂಚು ಅಂಕುಡೊಂಕು. ಆದಕಾರಣ ಒಂದು ಬಿಟ್ಟನ್ನು ಒಂದೇ ಕಣಕ್ಕೆ ವಹಿಸದೆ ಹತ್ತಾರು ಕಣಗಳ ಗುಂಪಿಗೆ ವಹಿಸಲಾಗುತ್ತದೆ. ಗುಂಪಿನಲ್ಲಿ ಕಣಗಳು ಹೆಚ್ಚಿದಷ್ಟೂ ಬಿಟ್ಟುಗಳ ನಡುವಣ ಗಡಿ ಸ್ಪಷ್ಟವಾಗಿ ಓದಿಗೆ ಸಿಗುತ್ತದೆ.

ಹೆಚ್ಚು ಬರೆಯಬೇಕಾದರೆ ಬಿಟ್ ಚಿಕ್ಕದಾಗಬೇಕು. ಗುಂಪಿನ ಸಂಖ್ಯೆ ಕುಗ್ಗದಿರಬೇಕಾದರೆ ಕಣವೂ ಚಿಕ್ಕದಾಗಬೇಕು. ತೊಡಕು ಇರುವುದು ಇಲ್ಲಿಯೇ. ಕಣವೊಂದರ ಕಾಂತತೆ ತಿರುಗಿಬೀಳದಂತೆ ತಡೆಯುವ ಶಕ್ತಿಯ ಗೋಡೆಯ ಎತ್ತರವು ಎರಡು ಅಂಶಗಳ ಗುಣಲಬ್ಧ. ಒಂದು, ಕಣದ ಗಾತ್ರ. ಇನ್ನೊಂದು, ತನ್ನ ಅಕ್ಷವನ್ನು ಬಿಟ್ಟುಕೊಡದಿರುವ ಆ ವಸ್ತುವಿನ ಗುಣ. ಈ ಗುಣವನ್ನು ‘ಅಕ್ಷನಿಷ್ಠೆ’ ಎಂದು ಕರೆಯಬಹುದು. ಈ ಗೋಡೆಯನ್ನು ಹಾರಲು ಸುತ್ತಲಿನ ಉಷ್ಣಶಕ್ತಿಯು ಕಣವನ್ನು ಸದಾ ಕೆಣಕುತ್ತಿರುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ 1949ರಲ್ಲಿ ಇದರ ಗಣಿತವನ್ನು ನಿರೂಪಿಸಿದನು. ಅದರ ಪ್ರಕಾರ ಕಣದ ನೆನಪಿನ ಅವಧಿಯು ಗೋಡೆಯ ಎತ್ತರಕ್ಕೆ ನೇರ ಅನುಪಾತದಲ್ಲಿ ಬೆಳೆಯುವುದಿಲ್ಲ, ಘಾತೀಯವಾಗಿ ಬೆಳೆಯುತ್ತದೆ.

ಈ ಘಾತೀಯ ಸಂಬಂಧದ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಉಷ್ಣಶಕ್ತಿಯು ಕಣವನ್ನು ಸೆಕೆಂಡಿಗೆ ನೂರು ಕೋಟಿ ಬಾರಿ ಕೆಣಕುತ್ತದೆಯೆಂದು ಇಟ್ಟುಕೊಂಡರೆ, ಗೋಡೆಯ ಎತ್ತರ ಉಷ್ಣಶಕ್ತಿಯ 40 ಪಟ್ಟು ಇರುವಾಗ ಕಣವು ತನ್ನ ದಿಕ್ಕನ್ನು ಸರಾಸರಿ ಏಳು ವರ್ಷಗಳಿಗೂ ಮಿಗಿಲಾಗಿ ಕಾಯ್ದುಕೊಳ್ಳುತ್ತದೆ. ಅದೇ ವಸ್ತುವಿನ ಕಣದ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಗೋಡೆ 20 ಪಟ್ಟಿಗೆ ಇಳಿಯುತ್ತದೆ, ನೆನಪು ಸುಮಾರು ಅರ್ಧ ಸೆಕೆಂಡಿಗೆ ಕುಸಿಯುತ್ತದೆ. ಗಾತ್ರ ಅರ್ಧವಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಇಲ್ಲವೇ ಇಲ್ಲವೆನ್ನುವಷ್ಟಾಗುತ್ತದೆ. ಇದನ್ನು ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಮಿತಿ ಎಂದು ಕರೆಯುತ್ತಾರೆ. ನಿಜವಾದ ತಟ್ಟೆಯಲ್ಲಿ ಕಣಗಳ ಗಾತ್ರ ಹೆಚ್ಚುಕಡಿಮೆ ಇರುವುದರಿಂದ, ಹತ್ತು ವರ್ಷಗಳ ಭರವಸೆಗೆ ಈ ಪ್ರಮಾಣ 60ರ ಆಸುಪಾಸಿನಲ್ಲಿರಬೇಕೆಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ.

ಗಾತ್ರ ಕುಗ್ಗಿದ ನಷ್ಟವನ್ನು ಅಕ್ಷನಿಷ್ಠೆ ಹೆಚ್ಚಿರುವ ವಸ್ತುವಿನಿಂದ ತುಂಬಿಕೊಳ್ಳಬಹುದಲ್ಲವೆ ಎಂಬ ಪ್ರಶ್ನೆ ಸಹಜ. ಆದರೆ ತಾನಾಗಿ ತಿರುಗದ ಕಣವು ತಿರುಗಿಸಿದರೂ ತಿರುಗುವುದಿಲ್ಲ. ಬರೆಯುವ ಹೆಡ್ ಉಂಟುಮಾಡಬಲ್ಲ ಕಾಂತಕ್ಷೇತ್ರಕ್ಕೆ ಒಂದು ಮೇಲ್ಮಿತಿಯುಂಟು. ಹೀಗೆ ಓದಿನ ಸ್ಪಷ್ಟತೆ, ಬರಹದ ಬಾಳಿಕೆ, ಬರೆಯುವ ಸೌಲಭ್ಯ ಈ ಮೂರೂ ಒಂದನ್ನೊಂದು ಜಗ್ಗುತ್ತವೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶುನಿಚಿ ಇವಾಸಾಕಿ 1977ರಲ್ಲಿ ಪ್ರತಿಪಾದಿಸಿದ ಲಂಬ ದಾಖಲಾತಿಯು, ಎಂದರೆ ಕಾಂತತೆಯನ್ನು ತಟ್ಟೆಯ ಮೇಲೆ ಮಲಗಿಸದೆ ನಿಲ್ಲಿಸುವ ಕ್ರಮವು, 2005ರಲ್ಲಿ ಮಾರುಕಟ್ಟೆಗೆ ಬಂದು ಈ ಜಗ್ಗಾಟವನ್ನು ಕೆಲಕಾಲ ಸಡಿಲಿಸಿತು. ಆದರೆ ಮಿತಿ ದೂರ ಸರಿಯಿತೇ ಹೊರತು ಇಲ್ಲವಾಗಲಿಲ್ಲ.

3. ದ್ವೀಪಗಳ ಕಲ್ಪನೆ

ಈ ಬಿಕ್ಕಟ್ಟಿಗೆ ಸೂಚಿತವಾದ ಪರಿಹಾರಗಳಲ್ಲಿ ಬಿಟ್-ವಿನ್ಯಾಸಿತ ಮಾಧ್ಯಮ ಎಂಬುದು ಒಂದು. ಅದರ ತರ್ಕ ಸರಳವಾದುದು. ಒಂದು ಬಿಟ್ಟಿಗೆ ಹತ್ತಾರು ಕಣಗಳು ಬೇಕಾಗಿದ್ದುದು ಕಣಗಳು ಅಡ್ಡಾದಿಡ್ಡಿಯಾಗಿ ಹರಡಿದ್ದರಿಂದ. ಪದರವನ್ನು ಒಂದೇ ಅಳತೆಯ, ಒಂದೇ ಅಂತರದ, ಪರಸ್ಪರ ಬೇರ್ಪಟ್ಟ ದ್ವೀಪಗಳಾಗಿ ಮೊದಲೇ ವಿಂಗಡಿಸಿಟ್ಟರೆ, ಒಂದು ಬಿಟ್ಟಿಗೆ ಒಂದು ದ್ವೀಪ ಸಾಕು. ಹಿಂದೆ ಹತ್ತಾರು ಕಣಗಳು ಹಂಚಿಕೊಳ್ಳುತ್ತಿದ್ದ ಜಾಗವನ್ನೆಲ್ಲ ಒಂದೇ ದ್ವೀಪ ಪಡೆಯುವುದರಿಂದ ಅದರ ಗಾತ್ರ ದೊಡ್ಡದಾಗಿಯೇ ಉಳಿಯುತ್ತದೆ, ಉಷ್ಣದ ಕಾಟವನ್ನು ತಡೆದುಕೊಳ್ಳುತ್ತದೆ.

ತರ್ಕ ಸರಳವಾದರೂ ನಿರ್ಮಾಣ ಸರಳವಲ್ಲ. ಚದರ ಅಂಗುಲಕ್ಕೆ ಒಂದು ಟೆರಾಬಿಟ್ ಬೇಕಾದರೆ ಜೇನುಗೂಡಿನ ಮಾದರಿಯಲ್ಲಿ ಜೋಡಿಸಿದ ದ್ವೀಪಗಳ ನಡುವಣ ಅಂತರ, ಕೇಂದ್ರದಿಂದ ಕೇಂದ್ರಕ್ಕೆ, ಸುಮಾರು 27 ನ್ಯಾನೊಮೀಟರ್. ಎಲೆಕ್ಟ್ರಾನ್ ಕಿರಣವನ್ನು ಲೇಖನಿಯಂತೆ ಬಳಸಿ ಇಂತಹ ಚುಕ್ಕೆಗಳನ್ನು ಬರೆಯಬಹುದು. ಆದರೆ ಒಂದೊಂದೇ ಚುಕ್ಕೆಯನ್ನು ಸಾಲಾಗಿ ಬರೆಯಬೇಕು. ಸೆಕೆಂಡಿಗೆ ಹತ್ತು ಲಕ್ಷ ಚುಕ್ಕೆಗಳಂತೆ ಬರೆದರೂ ಒಂದು ಚದರ ಅಂಗುಲಕ್ಕೆ ಹನ್ನೊಂದು ದಿನಗಳಿಗಿಂತ ಹೆಚ್ಚು ಬೇಕು. ಅಲ್ಲದೆ ಚುಕ್ಕೆಗಳು ಇಷ್ಟು ಹತ್ತಿರವಾದಾಗ ಒಂದರ ಅಂಚು ಇನ್ನೊಂದರ ಮೇಲೆ ಹರಿದು ಆಕಾರ ಕೆಡುತ್ತದೆ. ಒಂದೊಂದನ್ನೂ ಬರೆಯಬೇಕಾಗಿಲ್ಲದೆ ಎಲ್ಲವೂ ಏಕಕಾಲದಲ್ಲಿ ಮೂಡಿಬರುವ ವಿಧಾನವೊಂದರ ಅಗತ್ಯ ಕಂಡುಬಂದದ್ದು ಇಲ್ಲಿ. ಆ ವಿಧಾನ ದೊರೆತದ್ದು ಕಾಂತಶಾಸ್ತ್ರದಲ್ಲಿ ಅಲ್ಲ, ಪಾಲಿಮರ್ ರಸಾಯನದಲ್ಲಿ.

4. ಬೇರೆಯಾಗಲಾರದ ಜೋಡಿ

ಒಂದೇ ಬಗೆಯ ಚಿಕ್ಕ ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಜೋಡಿಸಿಕೊಂಡು ಆಗುವ ಉದ್ದನೆಯ ಅಣುವೇ ಪಾಲಿಮರ್. ಎರಡು ಬಗೆಯ ಕೊಂಡಿಗಳಿಂದ ಒಂದು ಸರಪಳಿಯನ್ನು ಹೆಣೆಯುವುದೂ ಸಾಧ್ಯ. ಮೊದಲ ಕೆಲವು ನೂರು ಕೊಂಡಿಗಳು ಒಂದು ಬಗೆ, ಮುಂದಿನವೆಲ್ಲ ಮತ್ತೊಂದು ಬಗೆ ಎಂಬಂತೆ ಎರಡು ಖಂಡಗಳಾಗಿ ಕೂಡಿಸಿದ ಸರಪಳಿಯನ್ನು ಬ್ಲಾಕ್ ಕೋಪಾಲಿಮರ್ ಎನ್ನುತ್ತಾರೆ. ಇಲ್ಲಿ ಅದನ್ನು ಜೋಡಿಖಂಡ ಪಾಲಿಮರ್ ಎಂದು ಕರೆಯಲಾಗಿದೆ. ಸರಪಳಿಯ ತುದಿಯನ್ನು ಮುಚ್ಚಿಹೋಗಲು ಬಿಡದೆ, ಬೇಕಾದಾಗ ಬೇರೊಂದು ಬಗೆಯ ಕೊಂಡಿಯನ್ನು ಮುಂದುವರಿಸುವ ‘ಜೀವಂತ ಪಾಲಿಮರ್’ ವಿಧಾನವನ್ನು ಮೈಕೆಲ್ ಷ್ವಾರ್ಟ್ಸ್ 1956ರಲ್ಲಿ ಪ್ರಕಟಿಸಿದ್ದರಿಂದ, ನಿಯತವಾದ ಉದ್ದದ ಖಂಡಗಳುಳ್ಳ ಇಂತಹ ಪಾಲಿಮರ್‌ಗಳ ತಯಾರಿಕೆಗೆ ದಾರಿಯಾಯಿತು. ರಾಮ್ಯಾಕ್ ಯಂತ್ರ ಹೊರಬಂದದ್ದೂ ಅದೇ ವರ್ಷದಲ್ಲಿ. ಪರಸ್ಪರ ಸಂಬಂಧವೇ ಇಲ್ಲದ ಈ ಎರಡು ಧಾರೆಗಳು ಸಂಧಿಸಲು ನಾಲ್ಕು ದಶಕಗಳು ಬೇಕಾದವು.

ಎಣ್ಣೆ ಮತ್ತು ನೀರನ್ನು ಬೆರೆಸಿಟ್ಟರೆ ಅವು ಎರಡು ಪದರಗಳಾಗಿ ಬೇರ್ಪಡುತ್ತವೆ. ಬಹುತೇಕ ಪಾಲಿಮರ್‌ಗಳ ಸ್ವಭಾವವೂ ಇದೇ. ಪಾಲಿಸ್ಟೈರೀನ್ ಮತ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್ ಒಂದರೊಡನೊಂದು ಬೆರೆಯುವುದಿಲ್ಲ. ಮೊದಲನೆಯದು ಥರ್ಮೊಕೋಲಿನ ದ್ರವ್ಯ, ಎರಡನೆಯದು ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಹಾಳೆಯ ದ್ರವ್ಯ. ಇವೆರಡೂ ಒಂದೇ ಸರಪಳಿಯ ಎರಡು ಖಂಡಗಳಾಗಿದ್ದಾಗ ವಿಚಿತ್ರ ಸನ್ನಿವೇಶವೊಂದು ಒದಗುತ್ತದೆ. ಬೆರೆಯಲು ಮನಸ್ಸಿಲ್ಲ, ಬಿಟ್ಟುಹೋಗಲು ರಾಸಾಯನಿಕ ಬಂಧ ಬಿಡುವುದಿಲ್ಲ. ಆಗ ಅವು ಸರಪಳಿಯ ಉದ್ದ ಎಷ್ಟು ಅವಕಾಶ ಕೊಡುವುದೋ ಅಷ್ಟೇ ದೂರ ಸರಿದು, ತಮ್ಮ ಜಾತಿಯ ನೆರೆಯ ಖಂಡಗಳೊಡನೆ ಗುಂಪುಗೂಡುತ್ತವೆ. ಸರಪಳಿಯ ಉದ್ದ ನ್ಯಾನೊಮೀಟರ್‌ಗಳಲ್ಲಿರುವುದರಿಂದ ಗುಂಪುಗಳ ಅಳತೆಯೂ ನ್ಯಾನೊಮೀಟರ್‌ಗಳಲ್ಲಿಯೇ ಇರುತ್ತದೆ. ವಿನ್ಯಾಸದ ಅಳತೆಗೋಲು ಹೊರಗಿನ ಯಂತ್ರದಲ್ಲಿಲ್ಲ, ಅಣುವಿನ ಒಳಗೇ ಇದೆ ಎಂಬುದು ಇಲ್ಲಿಯ ಮುಖ್ಯ ಅಂಶ.

ಗುಂಪುಗಳ ಆಕಾರವನ್ನು ನಿರ್ಧರಿಸುವುದು ಎರಡು ಖಂಡಗಳ ಪ್ರಮಾಣ. ಎರಡೂ ಸಮಸಮವಿದ್ದರೆ ಅವು ಪದರಪದರವಾಗಿ ಕೂಡುತ್ತವೆ. ಒಂದು ಮೂರನೆಯ ಒಂದರಷ್ಟಕ್ಕೆ ಇಳಿದರೆ, ಹೆಚ್ಚಿರುವುದರ ನಡುವೆ ಕಡಿಮೆಯಿರುವುದು ಕಂಬಗಳಾಗಿ ನಿಲ್ಲುತ್ತದೆ, ಕಂಬಗಳು ಜೇನುಗೂಡಿನ ಕ್ರಮದಲ್ಲಿ ಹರಡಿಕೊಳ್ಳುತ್ತವೆ. ಇನ್ನೂ ಕಡಿಮೆಯಾದರೆ ಗೋಲಗಳಾಗುತ್ತವೆ. ಬೇರ್ಪಡುವಿಕೆ ನಡೆಯಲು ಎರಡು ಖಂಡಗಳ ನಡುವಣ ವೈಷಮ್ಯದ ಅಳತೆಯನ್ನು ಸರಪಳಿಯ ಕೊಂಡಿಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಸಂಖ್ಯೆ ಒಂದು ಮಟ್ಟವನ್ನು ಮೀರಬೇಕು. ಖಂಡಗಳು ಸಮಪ್ರಮಾಣದಲ್ಲಿದ್ದಾಗ ಈ ಮಟ್ಟವು ಸುಮಾರು 10.5 ಎಂದು ಲುಡ್ವಿಕ್ ಲೀಬ್ಲರ್ 1980ರಲ್ಲಿ ತೋರಿಸಿದನು. ಇದರ ತಾತ್ಪರ್ಯ ಗಮನಾರ್ಹ. ವಿನ್ಯಾಸ ಚಿಕ್ಕದಾಗಬೇಕಾದರೆ ಸರಪಳಿ ಗಿಡ್ಡವಾಗಬೇಕು; ಸರಪಳಿ ಗಿಡ್ಡವಾದರೂ ಬೇರ್ಪಡಬೇಕಾದರೆ ವೈಷಮ್ಯ ತೀವ್ರವಾಗಿರಬೇಕು. ಮೇಲೆ ಹೇಳಿದ ಜೋಡಿಯ ವೈಷಮ್ಯ ಸೌಮ್ಯವಾದುದರಿಂದ ಅದು 20 ನ್ಯಾನೊಮೀಟರ್ ಅಂತರದ ಸುಮಾರಿಗೇ ತನ್ನ ಮಿತಿಯನ್ನು ಮುಟ್ಟುತ್ತದೆ. ಅದಕ್ಕಿಂತ ಸೂಕ್ಷ್ಮವಾದ ವಿನ್ಯಾಸಕ್ಕೆ, ಸಿಲಿಕಾನ್‌ಯುಕ್ತ ಖಂಡಗಳಂತಹ, ಹೆಚ್ಚು ವೈಷಮ್ಯವುಳ್ಳ ಜೋಡಿಗಳನ್ನು ಅರಸಬೇಕಾಯಿತು.

ಈ ಪ್ರಕ್ರಿಯೆಗೆ ‘ಸ್ವಯಂಜೋಡಣೆ’ ಎಂಬ ಹೆಸರು ರೂಢಿಯಾಗಿದೆ. ‘ಸ್ವಯಂ’ ಎಂಬ ಪದವು ಕರ್ತೃತ್ವವನ್ನು ಸೂಚಿಸುವುದರಿಂದ ವಸ್ತುವಿಗೆ ಇಚ್ಛೆಯಿದೆಯೆಂಬ ಭಾವನೆ ಮೂಡುವ ಸಂಭವವಿದೆ. ಮೇಲಿನ ವಿವರಣೆಯಲ್ಲಿ ಬಂದ ‘ಮನಸ್ಸು’, ‘ವೈಷಮ್ಯ’ಗಳೂ ಅಂತಹ ಆರೋಪಗಳೇ. ವಾಸ್ತವವಾಗಿ ನಡೆಯುವುದು ಇಷ್ಟು: ಪಾಲಿಮರನ್ನು ಅದು ಮೆತ್ತಗಾಗುವ ಉಷ್ಣತೆಯ ಮೇಲಕ್ಕೆ ಕಾಯಿಸಿದಾಗ ಸರಪಳಿಗಳಿಗೆ ಚಲನೆ ದೊರೆಯುತ್ತದೆ, ಚಲನೆಯ ಮೂಲಕ ಅವು ಮುಕ್ತಶಕ್ತಿ ಅತಿ ಕಡಿಮೆಯಿರುವ ಸ್ಥಿತಿಗೆ ಇಳಿಯುತ್ತವೆ. ನೀರು ತಗ್ಗಿಗೆ ಹರಿಯುವಷ್ಟೇ ಇದು ಸಹಜ. ಈ ಭೇದವನ್ನು ನೆನಪಿಡುವುದು ಮುಂದಿನ ಚರ್ಚೆಗೆ ಅಗತ್ಯ. ಏಕೆಂದರೆ ನೀರು ತಗ್ಗನ್ನು ಮಾತ್ರ ಹುಡುಕುತ್ತದೆ, ಗದ್ದೆಯನ್ನಲ್ಲ.

5. ಅಚ್ಚಿನಿಂದ ಕಾಂತಕ್ಕೆ

ಪಾಲಿಮರ್ ಕಾಂತವಸ್ತುವಲ್ಲ. ಆದ್ದರಿಂದ ಅದರಲ್ಲಿ ಮೂಡಿದ ವಿನ್ಯಾಸವನ್ನು ಲೋಹಕ್ಕೆ ವರ್ಗಾಯಿಸಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಜೋಡಿಖಂಡ ಪಾಲಿಮರಿನ ತೆಳುಪದರವನ್ನು ಮುಸುಕಾಗಿ ಬಳಸಿ, ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಸಾವಿರ ಕೋಟಿ ರಂಧ್ರಗಳ ವಿನ್ಯಾಸವನ್ನು ಅಡಿಯ ಪದರಕ್ಕೆ ಕೊರೆದು ತೋರಿಸಿದರು. ಅಣುಗಳ ಜೋಡಣೆಯನ್ನು ಗಟ್ಟಿವಸ್ತುವಿನಲ್ಲಿ ಅಚ್ಚೊತ್ತಬಹುದೆಂಬುದು ಇದರಿಂದ ಸಿದ್ಧವಾಯಿತು.

ಕಾಂತೀಯ ಸಂಗ್ರಹಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ರಸೆಲ್, ಮಾರ್ಕ್ ಟ್ಯೂಮಿನೆನ್ ಮತ್ತು ಸಂಗಡಿಗರು ಪಾಲಿಸ್ಟೈರೀನ್-ಮೆಥಾಕ್ರಿಲೇಟ್ ಜೋಡಿಯನ್ನು ಆರಿಸಿಕೊಂಡರು. ಅವರ ಕ್ರಮವನ್ನು ನಾಲ್ಕು ಹಂತಗಳಲ್ಲಿ ಸಂಗ್ರಹಿಸಬಹುದು. ಮೊದಲನೆಯದು, ಪಾಲಿಮರ್ ಪದರವನ್ನು ಕಾಯಿಸಿ, ಅದರ ಮೇಲೂ ಕೆಳಗೂ ವಿದ್ಯುದ್ದ್ವಾರಗಳನ್ನಿಟ್ಟು ವಿದ್ಯುತ್ ಕ್ಷೇತ್ರವನ್ನು ಒಡ್ಡುವುದು. ಹೀಗೆ ಮಾಡದಿದ್ದರೆ ಕಂಬಗಳು ಮೇಲ್ಮೈಗೆ ಸಮಾನಾಂತರವಾಗಿ ಮಲಗುವ ಸಂಭವ ಹೆಚ್ಚು; ಕ್ಷೇತ್ರದ ಪ್ರಭಾವದಿಂದ ಅವು ಎದ್ದು ನಿಲ್ಲುತ್ತವೆ. ಎರಡನೆಯದು, ನೇರಳಾತೀತ ಕಿರಣವನ್ನು ಹಾಯಿಸುವುದು. ಅದರಿಂದ ಪಾಲಿಸ್ಟೈರೀನ್ ಖಂಡಗಳು ಪರಸ್ಪರ ಬೆಸೆದು ಗಟ್ಟಿಯಾಗುತ್ತವೆ, ಮೆಥಾಕ್ರಿಲೇಟ್ ಖಂಡಗಳು ಒಡೆಯುತ್ತವೆ. ಮೂರನೆಯದು, ಒಡೆದ ಭಾಗವನ್ನು ಅಸಿಟಿಕ್ ಆಮ್ಲದಿಂದ ತೊಳೆದು ತೆಗೆಯುವುದು. ಕಂಬಗಳಿದ್ದ ಕಡೆ 14 ನ್ಯಾನೊಮೀಟರ್ ವ್ಯಾಸದ ಕೊಳವೆಗಳು ಉಳಿಯುತ್ತವೆ. ನಾಲ್ಕನೆಯದು, ಆ ಕೊಳವೆಗಳ ತಳದಿಂದ ವಿದ್ಯುಲ್ಲೇಪನದ ಮೂಲಕ ಕೋಬಾಲ್ಟನ್ನು ಬೆಳೆಸಿ ತುಂಬುವುದು.

ಮೇಣದ ಮೂರ್ತಿಯ ಸುತ್ತ ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ಹೊರಹರಿಸಿ, ಖಾಲಿಯಾದ ಒಡಲಿಗೆ ಲೋಹವನ್ನು ಹೊಯ್ಯುವ ಎರಕದ ಕಲೆಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಇಲ್ಲಿ ಮೆಥಾಕ್ರಿಲೇಟ್ ಮೇಣದ ಸ್ಥಾನದಲ್ಲಿದೆ, ಪಾಲಿಸ್ಟೈರೀನ್ ಮಣ್ಣಿನ ಸ್ಥಾನದಲ್ಲಿದೆ. ಆದರೆ ಮೇಣಕ್ಕೆ ರೂಪ ಕೊಡುವ ಕೈಮಾತ್ರ ಇಲ್ಲ. ಹೀಗೆ ದೊರೆತ ಕೋಬಾಲ್ಟ್ ತಂತಿಗಳ ಸಾಂದ್ರತೆ ಚದರ ಸೆಂಟಿಮೀಟರಿಗೆ 19 ಸಾವಿರ ಕೋಟಿಗೂ ಹೆಚ್ಚು. ಚದರ ಅಂಗುಲದ ಲೆಕ್ಕದಲ್ಲಿ ಒಂದು ಟೆರಾಬಿಟ್ಟನ್ನು ಮೀರಿದ್ದು. ಒಂದೊಂದು ತಂತಿಯೂ ಒಂದು ಬಿಟ್ಟಾದರೆ ಎಂಬ ಆಸೆ ಬಲವಾಗಿ ಬೇರೂರಿದ್ದು ಈ ಪ್ರಯೋಗದ ಬಳಿಕ.

6. ವಿಳಾಸದ ಪ್ರಶ್ನೆ

ಆದರೆ ಚುಕ್ಕೆಗಳ ರಾಶಿಯೊಂದೇ ಗ್ರಂಥಾಲಯವಾಗುವುದಿಲ್ಲ. ಗ್ರಂಥಾಲಯವಾಗಬೇಕಾದರೆ ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆಯೆಂಬುದು ಗೊತ್ತಿರಬೇಕು. ಸ್ವಯಂಜೋಡಣೆಯ ಸಹಜ ದೌರ್ಬಲ್ಯ ಕಾಣಿಸಿಕೊಂಡದ್ದು ಇಲ್ಲಿ. ಕಾಯಿಸಿದ ಪಾಲಿಮರ್ ಪದರದಲ್ಲಿ ಜೋಡಣೆಯು ಒಂದೇ ಬಿಂದುವಿನಿಂದ ಹರಡುವುದಿಲ್ಲ. ಹಲವೆಡೆ ಏಕಕಾಲದಲ್ಲಿ ಆರಂಭವಾಗುತ್ತದೆ. ಒಂದೊಂದು ತುಣುಕಿನೊಳಗೆ ಜೇನುಗೂಡಿನ ಕ್ರಮ ಅಚ್ಚುಕಟ್ಟಾಗಿದ್ದರೂ ತುಣುಕಿನಿಂದ ತುಣುಕಿಗೆ ಅದರ ದಿಕ್ಕು ಬೇರೆ. ತುಣುಕುಗಳು ಸಂಧಿಸುವೆಡೆ ಸಾಲುಗಳು ಮುರಿಯುತ್ತವೆ. ಹತ್ತಿರದಲ್ಲಿ ಕ್ರಮ, ದೂರದಲ್ಲಿ ಅಕ್ರಮ ಎಂಬುದು ತಾನಾಗಿ ಕಟ್ಟಿಕೊಂಡ ವಿನ್ಯಾಸದ ಸ್ವರೂಪ.

ಹಳೆಯ ತಟ್ಟೆಯಲ್ಲಿ ಬಿಟ್ಟನ್ನು ಎಲ್ಲಿ ಬೇಕಾದರೂ ಬರೆಯಬಹುದಿತ್ತು, ಸ್ಥಾನವನ್ನು ನಿರ್ಧರಿಸುತ್ತಿದ್ದುದು ಲೇಖನಿ. ವಿನ್ಯಾಸಿತ ತಟ್ಟೆಯಲ್ಲಿ ಸ್ಥಾನ ಮೊದಲೇ ನಿಶ್ಚಿತ. ಲೇಖನಿ ಅದನ್ನು ಅನುಸರಿಸಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಕೇಂದ್ರದಿಂದ 2 ಸೆಂಟಿಮೀಟರ್ ದೂರದಲ್ಲಿ ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 15 ಮೀಟರ್. 27 ನ್ಯಾನೊಮೀಟರ್ ಅಂತರದ ದ್ವೀಪಗಳು ಹೆಡ್ಡಿನ ಕೆಳಗೆ ಒಂದರ ಹಿಂದೊಂದು ಹಾಯಲು ಹಿಡಿಯುವ ಕಾಲ ಎರಡು ನ್ಯಾನೊಸೆಕೆಂಡಿಗೂ ಕಡಿಮೆ. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ದ್ವೀಪವೊಂದು ತನ್ನ ಸ್ಥಾನದಿಂದ ಅರ್ಧದಷ್ಟು ಸರಿದಿದ್ದರೂ ಬರಹ ಪಕ್ಕದ ದ್ವೀಪಕ್ಕೆ ಬೀಳುತ್ತದೆ. ಇನ್ನೂ ಒಂದು ತೊಡಕೆಂದರೆ, ತಟ್ಟೆಯ ಸಾಲುಗಳು ವರ್ತುಲಗಳು. ಜೇನುಗೂಡಿನ ನೇರಸಾಲುಗಳನ್ನು ವರ್ತುಲವಾಗಿ ಬಗ್ಗಿಸಿದರೆ ಎಲ್ಲಾದರೂ ಒಂದೆಡೆ ಕ್ರಮ ಒಡೆಯಲೇಬೇಕು.

ಇದಕ್ಕೆ ಕಂಡುಕೊಂಡ ಉಪಾಯ ನಿರ್ದೇಶಿತ ಸ್ವಯಂಜೋಡಣೆ. ಇದರಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದು ತೋಡುಗಳ ಮಾರ್ಗ. ತಟ್ಟೆಯ ಮೇಲೆ ಮೊದಲು ತೋಡುಗಳನ್ನು ತೆಗೆದು ಅವುಗಳೊಳಗೆ ಪಾಲಿಮರನ್ನು ತುಂಬಿದರೆ, ತೋಡಿನ ಗೋಡೆಗಳಿಗೆ ಹೊಂದಿಕೊಂಡು ಸಾಲುಗಳು ಮೂಡುತ್ತವೆ. ಜಪಾನಿನ ತೋಷಿಬಾ ಸಂಸ್ಥೆಯ ಸಂಶೋಧಕರು 2002ರಲ್ಲಿ ಈ ಮಾರ್ಗದಿಂದ 2.5 ಅಂಗುಲದ ಗಾಜಿನ ತಟ್ಟೆಯ ಮೇಲೆ, ಕೋಬಾಲ್ಟ್-ಕ್ರೋಮಿಯಂ-ಪ್ಲಾಟಿನಂ ಮಿಶ್ರಲೋಹದ 40 ನ್ಯಾನೊಮೀಟರ್ ವ್ಯಾಸದ ಚುಕ್ಕೆಗಳನ್ನು ಸಾಲಾಗಿ ಪಡೆದರು. ಇಲ್ಲಿ ಕೊಳವೆಗೆ ಲೋಹ ತುಂಬುವ ಬದಲು, ಲೋಹದ ಪದರದ ಮೇಲೆ ಪಾಲಿಮರಿನ ಮುಸುಕನ್ನಿಟ್ಟು ಉಳಿದ ಭಾಗವನ್ನು ಕೆತ್ತಿ ತೆಗೆಯಲಾಯಿತು. ಪ್ರಯೋಗಾಲಯದ ತುಣುಕಿನಿಂದ ಇಡೀ ತಟ್ಟೆಗೆ ಬಂದದ್ದು ಈ ಪ್ರಯೋಗದ ಮಹತ್ವ.

ಎರಡನೆಯದು ರಾಸಾಯನಿಕ ಗುರುತುಗಳ ಮಾರ್ಗ. ಇಲ್ಲಿ ಮೇಲ್ಮೈಗೆ ಏರಿಳಿತವಿಲ್ಲ. ಒಂದು ಖಂಡವನ್ನು ಸೆಳೆಯುವ ಗುರುತುಗಳನ್ನು ಎಲೆಕ್ಟ್ರಾನ್ ಕಿರಣದಿಂದ ಮೊದಲೇ ಇಟ್ಟಿರುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಾಲ್ ನೀಲಿ ಮತ್ತು ಹುವಾನ್ ದ ಪಾಬ್ಲೊ ತಂಡ 2003ರಲ್ಲಿ ಈ ಮಾರ್ಗದಿಂದ ದೋಷವಿಲ್ಲದ ರೇಖಾವಿನ್ಯಾಸವನ್ನು ಸಾಧಿಸಿತ್ತು. 2008ರಲ್ಲಿ ಇದೇ ತಂಡವೂ ಹಿಟಾಚಿ ಸಂಸ್ಥೆಯ ಸ್ಯಾನ್ ಹೊಸೆ ಪ್ರಯೋಗಾಲಯದ ರಿಕಾರ್ಡೊ ರುಯಿಸ್ ಮೊದಲಾದವರೂ ಕೂಡಿ ನಡೆಸಿದ ಪ್ರಯೋಗ ಈ ಕ್ಷೇತ್ರದ ಮೈಲಿಗಲ್ಲು. ಅವರು ಬೇಕಾದ ಚುಕ್ಕೆಗಳ ಕಾಲುಭಾಗದಷ್ಟನ್ನು ಮಾತ್ರ ಗುರುತಿಸಿಟ್ಟರು. ನಡುವಣ ಮೂರು ಪಾಲನ್ನು ಪಾಲಿಮರ್ ತನ್ನ ಅಂತರಕ್ಕೆ ತಕ್ಕಂತೆ ತುಂಬಿಕೊಂಡಿತು. ಸಾಂದ್ರತೆ ನಾಲ್ಕು ಪಟ್ಟಾಯಿತು, ಚದರ ಅಂಗುಲಕ್ಕೆ ಒಂದು ಟೆರಾಬಿಟ್ಟಿನ ಮಟ್ಟವನ್ನು ಮುಟ್ಟಿತು. ಅದಕ್ಕಿಂತಲೂ ಅರ್ಥಪೂರ್ಣವಾದ ಫಲವೆಂದರೆ, ಬರೆದ ಗುರುತುಗಳ ಅಳತೆಯಲ್ಲಿದ್ದ ಏರುಪೇರುಗಳನ್ನು ಪಾಲಿಮರ್ ತಿದ್ದಿತು. ಅಣುವಿನ ಉದ್ದ ನಿಯತವಾದುದರಿಂದ ದಪ್ಪವಾದ ಚುಕ್ಕೆ ತೆಳುವಾಯಿತು, ತೆಳುವಾದುದು ಸರಿಯಾಯಿತು. ದೂರದ ಕ್ರಮವನ್ನು ಲೇಖನಿ ಕೊಟ್ಟಿತು. ಹತ್ತಿರದ ಕ್ರಮವನ್ನು ವಸ್ತು ಕೊಟ್ಟಿತು.

2009ರಲ್ಲಿ ರಸೆಲ್ ಮತ್ತು ಬರ್ಕ್ಲಿಯ ಟಿಂಗ್ ಷು ಅವರ ತಂಡವು ನೀಲಮಣಿಯ ಹರಳನ್ನು ಓರೆಯಾಗಿ ಕತ್ತರಿಸಿ ಕಾಯಿಸಿದಾಗ ಏಳುವ ಗರಗಸದಂತಹ ಏಣುಗಳನ್ನೇ ದಾರಿತೋರುಕವಾಗಿ ಬಳಸಿ, ಚದರ ಅಂಗುಲಕ್ಕೆ 10 ಟೆರಾಬಿಟ್ಟಿಗೆ ಸಮನಾದ ಚುಕ್ಕೆಗಳ ಜೋಡಣೆಯನ್ನು ವರದಿಮಾಡಿತು. ಆದರೆ ಇದು ಪಾಲಿಮರಿನ ವಿನ್ಯಾಸದ ಸಾಂದ್ರತೆಯೇ ಹೊರತು ಬರೆದು ಓದಿದ ಬಿಟ್ಟುಗಳ ಸಾಂದ್ರತೆಯಲ್ಲವೆಂಬುದನ್ನು ಮರೆಯುವಂತಿಲ್ಲ.

7. ಉದ್ಯಮದ ಆಯ್ಕೆ

ವಿನ್ಯಾಸವನ್ನು ಪ್ರತಿಯೊಂದು ತಟ್ಟೆಯ ಮೇಲೂ ಹೊಸದಾಗಿ ಕಟ್ಟುವ ಅಗತ್ಯವಿರಲಿಲ್ಲ. ಒಂದು ಮೂಲ ಅಚ್ಚನ್ನು ಮಾಡಿ, ಅದರಿಂದ ಮುದ್ರಣದ ರೀತಿಯಲ್ಲಿ ತಟ್ಟೆಗಳ ಮೇಲೆ ಒತ್ತಬಹುದೆಂಬುದು ಉದ್ಯಮದ ಯೋಜನೆಯಾಗಿತ್ತು. ಹಿಟಾಚಿಯ ಡಿಸ್ಕ್ ವಿಭಾಗದಿಂದ ಮೂಡಿ ವೆಸ್ಟರ್ನ್ ಡಿಜಿಟಲ್ ಒಡೆತನಕ್ಕೆ ಬಂದಿದ್ದ ಎಚ್‌ಜಿಎಸ್‌ಟಿ ಸಂಸ್ಥೆ 2013ರಲ್ಲಿ ಸ್ವಯಂಜೋಡಣೆ ಮತ್ತು ನ್ಯಾನೊಮುದ್ರಣಗಳನ್ನು ಕೂಡಿಸಿ, ತಿರುಗುವ ತಟ್ಟೆಗೆ ಒಪ್ಪುವ ವರ್ತುಲ ಕ್ರಮದಲ್ಲಿ 10 ನ್ಯಾನೊಮೀಟರ್ ಅಳತೆಯ ದ್ವೀಪಗಳನ್ನು ಪಡೆದಿರುವುದಾಗಿ ಪ್ರಕಟಿಸಿತು.

ಆದರೂ ವಿನ್ಯಾಸಿತ ತಟ್ಟೆ ಮಾರುಕಟ್ಟೆಗೆ ಬರಲಿಲ್ಲ. ಲೋಹದ ಪದರವನ್ನು ಹಾಯಿಸಿ ಮುಗಿಸುತ್ತಿದ್ದ ಅಗ್ಗದ ತಟ್ಟೆಗೆ ಮುದ್ರಣ, ಕೆತ್ತನೆ, ಮೇಲ್ಮೈಯನ್ನು ಮತ್ತೆ ಸಮತಟ್ಟುಗೊಳಿಸುವಿಕೆ ಮೊದಲಾದ ಹಂತಗಳು ಸೇರಿದರೆ ಬೆಲೆ ಏರುತ್ತದೆ. ಇದೇ ಕಾಲದಲ್ಲಿ ಕೈಗಣಕಗಳಿಂದ ಹಾರ್ಡ್ ಡಿಸ್ಕನ್ನು ಫ್ಲ್ಯಾಷ್ ಸ್ಮೃತಿ ಹೊರದಬ್ಬತೊಡಗಿತು. ಉದ್ಯಮವು ಆರಿಸಿಕೊಂಡದ್ದು ಬೇರೊಂದು ಮಾರ್ಗ. ಅಕ್ಷನಿಷ್ಠೆ ಅತಿ ಹೆಚ್ಚಿರುವ ಕಬ್ಬಿಣ-ಪ್ಲಾಟಿನಂ ಮಿಶ್ರಲೋಹದ ಕಣಗಳನ್ನು ಬಳಸಿ, ಬರೆಯುವ ಕ್ಷಣದಲ್ಲಿ ಮಾತ್ರ ಲೇಸರಿನಿಂದ ಆ ಬಿಂದುವನ್ನು 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಮೆತುಗೊಳಿಸುವುದು ಅದರ ತತ್ತ್ವ. ತಟ್ಟೆಯೊಂದಕ್ಕೆ 3 ಟೆರಾಬೈಟ್‌ಗಳಂತೆ ಒಟ್ಟು 30 ಟೆರಾಬೈಟ್‌ಗಳನ್ನು ಮೀರಿದ ಇಂತಹ ಡಿಸ್ಕುಗಳನ್ನು ಸೀಗೇಟ್ ಸಂಸ್ಥೆ 2024ರ ಜನವರಿಯಲ್ಲಿ ಪ್ರಕಟಿಸಿತು. ಈ ಮಾರ್ಗವೂ ತನ್ನ ಮಿತಿಯನ್ನು ಮುಟ್ಟಿದಾಗ ಶಾಖ ಮತ್ತು ದ್ವೀಪ ಎರಡನ್ನೂ ಕೂಡಿಸಬೇಕಾದೀತೆಂಬ ವಿಚಾರ ತಜ್ಞರಲ್ಲಿದೆ.

ಹಾಗೆಂದು ಪಾಲಿಮರಿನ ಅಚ್ಚು ನಿಷ್ಫಲವಾಯಿತೆಂದು ಹೇಳಲಾಗದು. ಒರಟಾಗಿ ಬರೆದ ಗೆರೆಯನ್ನು ಪಾಲಿಮರ್ ತಿದ್ದಬಲ್ಲದೆಂಬ, ಕಾಂತೀಯ ಸಂಗ್ರಹದ ಅಗತ್ಯದಿಂದ ಗಟ್ಟಿಗೊಂಡ ಅರಿವು ಅರೆವಾಹಕ ಚಿಪ್‌ಗಳ ತಯಾರಿಕೆಯತ್ತ ಸಾಗಿದೆ. ಅಲ್ಲಿ ಅತಿನೇರಳೆ ಬೆಳಕಿನಿಂದ ಮೂಡಿಸಿದ ರೇಖೆಗಳ ಅಂಚಿನ ಒರಟುತನವನ್ನು ನಿವಾರಿಸಲು ನಿರ್ದೇಶಿತ ಸ್ವಯಂಜೋಡಣೆಯ ಪ್ರಯೋಗಗಳು ನಡೆದಿವೆ.

8. ಉಪಸಂಹಾರ

ಈ ಸಂಶೋಧನೆಯ ಕಥನದಿಂದ ಎರಡು ನಿಲುವುಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಕ್ರಮದ ಸ್ವರೂಪವನ್ನು ಕುರಿತದ್ದು. ವಸ್ತುವು ತನ್ನ ಅಂತರವನ್ನು ತಾನೇ ಅರಿತಿರಬಲ್ಲದು. ತನ್ನ ವಿಳಾಸವನ್ನು ಅರಿಯಲಾರದು. ಅಂತರವು ಅಣುವಿನ ಗುಣ, ವಿಳಾಸವು ಓದುವವನ ಅಗತ್ಯ. ಈ ಕಾರಣದಿಂದಲೇ ಸ್ವಯಂಜೋಡಣೆಯ ಇತಿಹಾಸವು ಲೇಖನಿಯನ್ನು ಕೈಬಿಟ್ಟ ಇತಿಹಾಸವಾಗದೆ, ಲೇಖನಿಯೂ ವಸ್ತುವೂ ಕೆಲಸವನ್ನು ಹಂಚಿಕೊಂಡ ಇತಿಹಾಸವಾಗಿದೆ.

ಎರಡನೆಯದು ಬಾಳಿಕೆಯನ್ನು ಕುರಿತದ್ದು. ತಾಳೆಗರಿ, ಕಡತಗಳ ಬಿಂಬಗಳನ್ನೂ ಶಾಸನಪಾಠಗಳನ್ನೂ ಗಣಕಕ್ಕೆ ಏರಿಸಿ, ಇನ್ನು ಅವು ಸುರಕ್ಷಿತವೆಂದು ಭಾವಿಸುವುದು ಇಂದಿನ ಸಾಮಾನ್ಯ ಮನೋಭಾವ. ಆದರೆ ಕಾಂತೀಯ ತಟ್ಟೆಯ ಪ್ರತಿಯೊಂದು ಕಣವೂ ಉಷ್ಣದ ಎದುರು ಹತ್ತು ವರ್ಷಗಳ ಲೆಕ್ಕದಲ್ಲಿ ರೂಪುಗೊಂಡದ್ದೆಂಬುದನ್ನು ಮೇಲಿನ ವಿವೇಚನೆ ತೋರಿಸುತ್ತದೆ. ಅದು ಶತಮಾನಗಳ ಲೆಕ್ಕವಲ್ಲ. ಸಾಂದ್ರತೆ ಹೆಚ್ಚಿದಂತೆ ಬಾಳಿಕೆಯೂ ಹೆಚ್ಚುವುದೆಂದು ಭಾವಿಸಲು ಭೌತಶಾಸ್ತ್ರದಲ್ಲಿ ಆಧಾರವಿಲ್ಲ. ಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿಮಾಡಿದ ಲಿಪಿಕಾರರಿಂದಾಗಿ ಹಳಗನ್ನಡದ ಕೃತಿಗಳು ಉಳಿದುಬಂದವು. ತಟ್ಟೆಗೂ ಅಂತಹ ಲಿಪಿಕಾರರು ಬೇಕು. ಗಡುವಿಗೆ ಸರಿಯಾಗಿ ಹೊಸ ತಟ್ಟೆಗೆ ಪ್ರತಿಮಾಡುವ, ಪ್ರತಿಯನ್ನು ಮೂಲದೊಡನೆ ತಾಳೆನೋಡುವ ವ್ಯವಸ್ಥೆಯನ್ನು ಹಸ್ತಪ್ರತಿ ಭಂಡಾರಗಳೂ ಕನ್ನಡ ವಿಭಾಗಗಳೂ ತಮ್ಮ ನಿತ್ಯದ ಕರ್ತವ್ಯಗಳಲ್ಲಿ ಒಂದಾಗಿ ಸೇರಿಸಿಕೊಳ್ಳಬೇಕಾಗಿದೆ.